ಹನ್ನೊಂದು ಮನೆಯ ಸಿಹಿ

ನಾನೊಂದು ಪೆದ್ದು ಕೆಲಸ ಮಾಡಿದ್ದೇನೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜುಲೈ ತಿಂಗಳ ಬೇಸಿಗೆ ರಜೆಯಲ್ಲಿ ಮೂರು ವಾರ ಜಪಾನು ಸುತ್ತಿ ಬಂದವಳು ಬರುವಾಗ ಹನ್ನೊಂದು ಡಬ್ಬಿ ಸಿಹಿ ತಂದೆ. ನಾನಿರುವುದು ಹಾಲೆಂಡಿನ ಒಂದು ಸಣ್ಣ ಊರಿನಲ್ಲಿ, ಒಬ್ಬಳೇ. ಸಿಹಿ ಕಡಿಮೆ ಮಾಡಿ ಎಂದು ಡಾಕ್ಟರು ಎರಡು ವರ್ಷದಿಂದ ಹೆದರಿಸುತ್ತಿರುವುದರಿಂದ ನಾನೇ ಕೂತು ತಿಂದು ಮುಗಿಸುವ ಹಾಗೂ ಇಲ್ಲ. ಹಾಗಾದರೆ ಹನ್ನೊಂದು ಡಬ್ಬಿ ಯಾರಿಗೆ ತಂದೆ ಎಂದು ನೀವು ಕೇಳಬಹುದು. ಸೂಟ್‌ಕೇಸು ಬಿಚ್ಚಿ ಡಬ್ಬಿಗಳನ್ನು ಅಡುಗೆಕಟ್ಟೆಯ ಮೇಲೆ ಜೋಡಿಸಿಟ್ಟಾಗ ನಾನೂ ಅದನ್ನೇ ಕೇಳಿಕೊಂಡೆ.

ನನ್ನ ಊರು ಹಂಗಳ. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗುವಾಗ ಸಿಗುತ್ತದೆ. ಮಳೆಗಾಲದಲ್ಲಿ ಆ ರಸ್ತೆಯ ಪಕ್ಕದ ಹೊಲಗಳಲ್ಲಿ ಚೆಂಡು ಹೂವು ಅರಳಿದರೆ, ಕೇರಳದ ಕಡೆಯಿಂದ ಬಂದವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥ ಊರಿನವಳು ಟ್ಯೂಲಿಪ್ಪಿನ ದೇಶಕ್ಕೆ ಬಂದು ಮಾಡುತ್ತಿರುವುದು ಚೆಂಡು ಹೂವಿನ ಬೀಜ ಮೊಳೆಯುತ್ತದೋ ಇಲ್ಲವೋ ಎಂದು ನೋಡಿ ಬರೆದಿಡುವ ಕೆಲಸ. ಹನ್ನೆರಡು ವರ್ಷವಾಯಿತು. ಬೀಜಗಳೇನೋ ಮೊಳೆಯುತ್ತಿವೆ, ನಾನೇ ಇನ್ನೂ ಈ ಮಣ್ಣಿನಲ್ಲಿ ಬೇರು ಬಿಟ್ಟ ಹಾಗೆ ಕಾಣುವುದಿಲ್ಲ.

ಹಂಗಳದ ನಮ್ಮ ಬೀದಿಯಲ್ಲಿ ಪುಟ್ಟತಾಯಮ್ಮ ಎಂಬ ಅಜ್ಜಿ ಇದ್ದರು. ಬೆಳಗ್ಗೆ ಜಗುಲಿಯ ಮೇಲೆ ಕೂತರೆ ಬೀದಿಯಲ್ಲಿ ಹೋಗುವ ಬರುವವರಿಗೆಲ್ಲ ಎಲ್ಲಿಗೆ ಹೊರಟೆ ಎಂದು ಅವರದು ಒಂದೇ ಪ್ರಶ್ನೆ, "ಎತ್ತಾಗೆ ಒಂಟೆ?" ಉತ್ತರ ಕೊಡದೆ ಆ ಜಗುಲಿ ದಾಟುವಂತಿರಲಿಲ್ಲ. ಚಾಮರಾಜನಗರದ ಕಾಲೇಜಿಗೆ ನಾನು ಮೂರು ವರ್ಷ ದಿನಾ ಅದೇ ಬಸ್ಸಿನಲ್ಲಿ ಹೋದೆ. ಮೂರು ವರ್ಷವೂ ಅವರು ದಿನಾ ಕೇಳಿದರು, ನಾನು ದಿನಾ "ಕಾಲೇಜಿಗೆ ಕಣಜ್ಜಿ" ಎಂದೆ. ಒಮ್ಮೆ ಗೆಳತಿಯರ ಜೊತೆ ಗುಂಡ್ಲುಪೇಟೆಗೆ ಸಿನಿಮಾಕ್ಕೆ ಹೊರಟವಳು, ಅಜ್ಜಿ ಕೇಳಿದ ಕೂಡಲೇ "ಲೈಬ್ರರಿಗೆ" ಎಂದುಬಿಟ್ಟೆ. ಸ್ಕೂಲಿನ ಮೆಟ್ಟಿಲನ್ನೇ ಹತ್ತದ ಪುಟ್ಟತಾಯಮ್ಮ ಎಲೆ ಅಡಿಕೆಯ ಬಾಯನ್ನು ಒಂದು ಗಳಿಗೆ ನಿಲ್ಲಿಸಿ, "ಇವತ್ತು ಸ್ವಾಮಾರ ಅಲ್ವಾ? ಲೈಬ್ರರಿ ಬಾಗ್ಲಾಕಿರ್ತದೆ ಕಣಮ್ಮಿ" ಎಂದರು. ನಾನು ಸಿನಿಮಾ ನೋಡಿಕೊಂಡು ಬರುವಷ್ಟರಲ್ಲಿ ಸುದ್ದಿ ಮನೆ ಸೇರಿತ್ತು. ಯಾರೂ ಎತ್ತಾಗೆ ಎಂದು ಕೇಳದ ಊರು ಈ ಭೂಮಿಯ ಮೇಲೆ ಎಲ್ಲಿದೆಯೋ ಅಲ್ಲಿಗೆ ಹೋಗಿಬಿಡಬೇಕು ಎಂದು ಅವತ್ತು ಹಟ ಮಾಡಿಕೊಂಡೆ. ಹೋದೆ ಕೂಡ.

ಆ ಊರು ಸಿಕ್ಕ ಮೇಲೆ ಅದು ಎಂಥದ್ದೆಂದು ಗೊತ್ತಾಯಿತು. ಇಲ್ಲಿ ಮನೆಗಳ ಮುಂದಿನ ಕಿಟಕಿಗೆ ಪರದೆ ಎಳೆಯುವುದಿಲ್ಲ, ಬೀದಿಯಿಂದಲೇ ಒಳಗಿನ ಸೋಫಾ, ಬೆಕ್ಕು, ಊಟದ ತಟ್ಟೆ ಎಲ್ಲ ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ. ನೋಡದಿರುವುದೇ ಮರ್ಯಾದೆ. ಮನೆಗೆ ಬರುವವರು ಡೈರಿ ತೆಗೆದು ಮೂರು ವಾರದ ನಂತರದ ಒಂದು ಗುರುವಾರ ಗೊತ್ತುಮಾಡಿ ಬರುತ್ತಾರೆ. ಸ್ನೇಹಿತರ ಹುಟ್ಟಿದ ದಿನಗಳನ್ನು ಒಂದು ಕ್ಯಾಲೆಂಡರಿನಲ್ಲಿ ಬರೆದು ಕಕ್ಕಸಿನ ಗೋಡೆಗೆ ನೇತುಹಾಕುತ್ತಾರೆ. ಯಾರ ಮನೆಗೆ ಹೋದರೂ ನಾನು ಅಲ್ಲಿ ಕೂತು ನನ್ನ ಹೆಸರಿದೆಯೇ ಎಂದು ಹುಡುಕುತ್ತೇನೆ. ಇದುವರೆಗೆ ಸಿಕ್ಕಿಲ್ಲ. ನಾಚಿಕೆಯ ಮಾತು, ಆದರೂ ಹೇಳಿಬಿಡುತ್ತೇನೆ: ನಾನು ಹೋದೆ, ನಾನು ಬಂದೆ ಎಂಬುದು ಈ ಬೀದಿಯಲ್ಲಿ ಒಬ್ಬರಿಗಾದರೂ ಗೊತ್ತಾಗಬೇಕು ಎಂದು ನನಗೆ ಬಹಳ ಆಸೆಯಿತ್ತು.

ಜಪಾನಿಗೂ ಒಬ್ಬಳೇ ಹೋದೆ. ಸೆಕೆಯೆಂದರೆ ನಮ್ಮ ಏಪ್ರಿಲ್ ತಿಂಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿಕೊಟ್ಟ ಹಾಗೆ. ಅಲ್ಲಿ ಯಾವ ಅಂಗಡಿಯ ಬಾಗಿಲು ತಳ್ಳಿದರೂ ಒಳಗಿನವರೆಲ್ಲ ಒಟ್ಟಿಗೆ ಸ್ವಾಗತ ಕೂಗುತ್ತಾರೆ. ಎರಡು ದಿನ ನಾನು ಪ್ರತಿ ಅಂಗಡಿಯಲ್ಲೂ ನಿಂತು, ತಲೆಬಾಗಿ, ಕೈಮುಗಿದು, ಕೂಗಿದ ಒಬ್ಬೊಬ್ಬರಿಗೂ ಮರುವಂದನೆ ಮಾಡಿದೆ. ಮೂರನೆಯ ದಿನ ನೋಡುತ್ತೇನೆ, ಆ ಊರಿನವರು ಯಾರೂ ಉತ್ತರಿಸುವುದೇ ಇಲ್ಲ. ಒಬ್ಬೊಬ್ಬರೇ ಬಂದವರು ಗೋಡೆಗೆ ಮುಖ ಮಾಡಿ ಉಣ್ಣುವ ಹೋಟೆಲುಗಳೂ ಅಲ್ಲಿವೆ. ಎಡಕ್ಕೊಂದು ಹಲಗೆ, ಬಲಕ್ಕೊಂದು ಹಲಗೆ, ನಡುವೆ ನಾನು ಮತ್ತು ಒಂದು ಬಟ್ಟಲು ಶ್ಯಾವಿಗೆ. ಒಂಟಿತನಕ್ಕೂ ಇಷ್ಟು ಅಚ್ಚುಕಟ್ಟಾದ ಪೀಠೋಪಕರಣ ಮಾಡಿದ ಜನ ಇನ್ನೆಲ್ಲೂ ಇರಲಾರರು. ಊಟ ರುಚಿಯಾಗಿತ್ತು, ಅಳು ಬಂತು, ಖಾರ ಹೆಚ್ಚಾಯಿತು ಎಂದುಕೊಂಡೆ.

ಬೆಟ್ಟದ ಊರೊಂದರಲ್ಲಿ ಎರಡು ದಿನ ಉಳಿದಿದ್ದೆ. ಆ ಮನೆಯನ್ನು ನಡೆಸುತ್ತಿದ್ದ ವಯಸ್ಸಾದ ಹೆಂಗಸು ಮೊಬೈಲಿನ ಅನುವಾದದಲ್ಲಿ ನನ್ನ ಜೊತೆ ಮಾತಾಡುತ್ತಿದ್ದರು. ಅಲ್ಲಿ ಪ್ರವಾಸ ಹೋದವರು ಅಕ್ಕಪಕ್ಕದವರಿಗೆ, ಆಫೀಸಿನವರಿಗೆ ಆ ಊರಿನ ತಿಂಡಿ ತಂದು ಹಂಚಲೇಬೇಕಂತೆ. ಯಾಕೆ ಎಂದು ಕೇಳಿದೆ. ಹಿಂದೆ ದೂರದ ದೇವಸ್ಥಾನಕ್ಕೆ ಊರಿಗೆ ಊರೇ ಹೋಗಲು ಆಗುತ್ತಿರಲಿಲ್ಲ, ಒಂದಿಬ್ಬರನ್ನು ಕಳಿಸುತ್ತಿದ್ದರು, ಹೋದವರು ಉಳಿದವರ ಪರವಾಗಿಯೂ ಹೋಗಿಬಂದೆವು ಎಂದು ತೋರಿಸಲು ಏನಾದರೂ ತರುತ್ತಿದ್ದರು ಎಂದು ಆಕೆ ತಾವು ಕೇಳಿದ್ದ ಕಥೆಯನ್ನು ಹೇಳಿದರು. ನನಗೆ ಇದು ಹೊಸದಲ್ಲ. ನಮ್ಮ ಕಡೆ ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗುವವರ ಕೈಗೆ ಹೋಗಲಾಗದವರು ಒಂದು ಕರ್ಪೂರವನ್ನೋ ಒಂದು ಹಿಡಿ ಅಕ್ಕಿಯನ್ನೋ ಕೊಡುತ್ತಾರೆ. ಹಿಂತಿರುಗಿದವರು ಕಡ್ಲೆಪುರಿ, ವಿಭೂತಿ, ಲಾಡು ಹಿಡಿದು ಮನೆಮನೆಗೆ ಹೋಗುತ್ತಾರೆ. ಕೊನೆಯ ಮನೆಗೆ ಪ್ರಸಾದ ಮುಟ್ಟಿದ ಮೇಲೆಯೇ ಪರಸೆ ಮುಗಿಯುವುದು. ಹೊರಡುವ ದಿನ ಆ ಹೆಂಗಸು ಬಾಗಿಲಲ್ಲಿ ನಿಂತು, ನನ್ನ ಬಸ್ಸು ತಿರುವು ದಾಟುವವರೆಗೂ ಕೈ ಬೀಸುತ್ತಲೇ ಇದ್ದರು. ನಾನು ಹಾಲೆಂಡಿನ ಮನೆಯಿಂದ ಹೊರಡುವಾಗ ಬೀಗವೊಂದೇ ಕಟಕ್ ಎಂದಿತ್ತು.

ಮರುದಿನ ರೈಲು ನಿಲ್ದಾಣದ ಸಿಹಿ ಅಂಗಡಿಯಲ್ಲಿ ತಪ್ಪು ಆದದ್ದು. ಕೆಂಪು ಕಾಳಿನ ಹೂರಣ ತುಂಬಿದ ಸಣ್ಣ ಸಣ್ಣ ತಿಂಡಿ, ಥೇಟ್ ನಮ್ಮ ಹೋಳಿಗೆಯ ದೂರದ ನೆಂಟ. ಒಂದೊಂದು ಡಬ್ಬಿಗೂ ಒಂದೊಂದು ಪುಟ್ಟ ಕೈಚೀಲ ಕೊಡುತ್ತಾರೆ. ಎಷ್ಟು ಮನೆಗೆ ಎಂದು ಅಂಗಡಿಯ ಹುಡುಗಿ ಬೆರಳು ಮಡಚಿ ಕೇಳಿದಳು. ಹಂಚುವುದಕ್ಕೆ ಎಷ್ಟು ಮನೆ ಎಂದ ತಕ್ಷಣ ನನ್ನ ತಲೆ ತಾನಾಗಿ ಎಣಿಸಿತು: ಅಕ್ಕನ ಮನೆ, ಪುಟ್ಟತಾಯಮ್ಮನ ಮನೆ, ಟೈಲರ ಮನೆ, ಕಂಡಕ್ಟರ ಮನೆ, ಬಾವಿ ಪಕ್ಕದ ಮನೆ... ಹನ್ನೊಂದು. ಪುಟ್ಟತಾಯಮ್ಮ ತೀರಿಕೊಂಡು ಆರು ವರ್ಷವಾಗಿದೆ ಎಂಬುದೂ ನೆನಪಾಗಲಿಲ್ಲ. ಈ ವಿಮಾನ ಹಂಗಳಕ್ಕೆ ಹೋಗುವುದಿಲ್ಲ ಎಂಬುದು ಅದರೊಳಗೆ ಕೂತ ಮೇಲೆ ಹೊಳೆಯಿತು.

ಅಕ್ಕನಿಗೆ ಫೋನು ಮಾಡಿದೆ. ಮಂಗಳಕ್ಕ ಹಂಗಳದಲ್ಲೇ ಅಂಗನವಾಡಿ ನಡೆಸುತ್ತಾಳೆ, ಮಕ್ಕಳಿಗೆ ಹೇಳುವ ದನಿಯಲ್ಲೇ ನನಗೂ ಬುದ್ಧಿ ಹೇಳುತ್ತಾಳೆ. ಊರಿಗೆ ಕಳಿಸೋಣವೆಂದರೆ ತಿಂಡಿ ಕೆಡುತ್ತದೆ, ಇನ್ನು ಐದೇ ದಿನ ಇರುವುದು ಎಂದೆ.

"ಇಲ್ಗ್ಯಾಕ್ ಕಳಿಸ್ತೀಯೆ? ನಿನ್ ಬೀದೀಲಿ ಮನೆಗಳಿಲ್ವಾ?" ಎಂದಳು.

"ಅವೆ ಕಣಕ್ಕ. ಆದ್ರೆ ನಂಗ್ಯಾರೂ ಗೊತ್ತಿಲ್ಲ."

"ಅನ್ನೆಲ್ಡು ವರ್ಸದಿಂದ ಏನ್ ಮಾಡ್ತಿದ್ದೆ ಅಲ್ಲಿ?" ಎಂದು ಅಕ್ಕ ಗದರಿದಳು. "ಪರಸೆಗೋಗ್ ಬಂದೋಳು ಪರ್ಸಾದ ಮನೇಲಿ ಮಡಿಕಂಡು ಕೂತ್ಕತಾಳಾ? ಓಗಿ ಅಂಚ್ಬುಡು."

ಒಂದು ಡಬ್ಬಿಯನ್ನು ಮೊದಲು ಆಫೀಸಿಗೆ ಒಯ್ದೆ. ಒಬ್ಬೊಬ್ಬರೂ ಬಂದು ಒಂದೊಂದೇ ತೆಗೆದುಕೊಂಡು ಚೆನ್ನಾಗಿದೆ ಎಂದರು. ರಜೆ ಹೇಗಿತ್ತು ಎಂದರು, ಚೆನ್ನಾಗಿತ್ತು ಎಂದೆ. ಸೆಕೆಯಿತ್ತೇ ಎಂದರು, ಇತ್ತು ಎಂದೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಕಾಡಿನ ರಸ್ತೆಗೆ ಗೇಟು ಬಿದ್ದ ಹಾಗೆ ಮಾತು ಅಲ್ಲಿಗೆ ನಿಂತಿತು. ಆ ಬೆಟ್ಟದ ಊರಿನ ಹೆಂಗಸಿನ ಕಥೆ ನಾಲಗೆಯ ತುದಿಯಲ್ಲೇ ಉಳಿಯಿತು.

ಶನಿವಾರ ಬೆಳಗ್ಗೆ ಸೀರೆ ಉಡಬೇಕೋ ಪ್ಯಾಂಟು ಹಾಕಬೇಕೋ ಎಂದು ಅರ್ಧ ಗಂಟೆ ಯೋಚಿಸಿ, ಪ್ಯಾಂಟೇ ಹಾಕಿಕೊಂಡು ಬೀದಿಗಿಳಿದೆ. ಮೊದಲ ಮನೆಯ ಗಂಡಸು ಬಾಗಿಲನ್ನು ಒಂದು ಗೇಣು ತೆರೆದು, ನನ್ನ ಕೈಯ ಡಬ್ಬಿ ನೋಡಿ, "ಬೇಡ, ನಾವು ಬಾಗಿಲಲ್ಲಿ ಏನೂ ಕೊಳ್ಳುವುದಿಲ್ಲ" ಎಂದು ಬಹಳ ಮರ್ಯಾದೆಯಿಂದ ಮುಚ್ಚಿಕೊಂಡ. ಎರಡನೆಯ ಮನೆಯ ಹೆಂಗಸು ಡಬ್ಬಿ ತೆಗೆದುಕೊಂಡು, "ಇವತ್ತು ಏನು ವಿಶೇಷ, ನಿಮ್ಮ ಹುಟ್ಟುಹಬ್ಬವೇ?" ಎಂದಳು. ಪರಸೆ, ಪ್ರಸಾದ, ಹನ್ನೊಂದು ಮನೆ ಎಲ್ಲವನ್ನೂ ಡಚ್ ಭಾಷೆಯಲ್ಲಿ ವಿವರಿಸುವ ಕಷ್ಟ ನೆನೆದು "ಹೌದು" ಎಂದುಬಿಟ್ಟೆ. ಆಕೆ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಶುಭಾಶಯ ಹೇಳಿದಳು. ನಾನು ಹುಟ್ಟಿದ್ದು ಜನವರಿಯಲ್ಲಿ.

ಇನ್ನು ಸಾಕು ಎಂದು ತಿರುಗಿ ಬರುವಾಗ ನನ್ನ ಪಕ್ಕದ ಮನೆಯ ವಿಲ್ಮಾ ಗಿಡಕ್ಕೆ ನೀರು ಹಾಕುತ್ತಿದ್ದರು. ಎಪ್ಪತ್ತು ದಾಟಿದ ಒಂಟಿ ಜೀವ. ಎಂಟು ವರ್ಷದಿಂದ ನಮ್ಮಿಬ್ಬರ ನಡುವೆ ಒಂದು ಗೋಡೆ, ದಿನಕ್ಕೊಂದು ನಮಸ್ಕಾರ, ಮಳೆಯ ಬಗ್ಗೆ ಒಂದು ಮಾತು. ಡಬ್ಬಿ ಕೊಟ್ಟು, ಜಪಾನಿಗೆ ಹೋಗಿದ್ದೆ, ಮೂರು ವಾರ ಇರಲಿಲ್ಲ ಎಂದೆ. ನನ್ನ ದನಿಯಲ್ಲಿ ಸ್ವಲ್ಪ ದೂರು ಇತ್ತು ಎಂದು ಈಗ ಅನ್ನಿಸುತ್ತದೆ.

"ಹೌದಾ? ನೀವು ಒಳಗೇ ಇದ್ದೀರಿ ಅಂದುಕೊಂಡಿದ್ದೆ" ಎಂದರು ವಿಲ್ಮಾ. ಆಮೇಲೆ ಬಹಳ ಸಹಜವಾಗಿ, "ನಾನೂ ಏಪ್ರಿಲ್, ಮೇ ಸೇರಿ ಐದು ವಾರ ಇರಲಿಲ್ಲ. ಸೊಂಟದ ಆಪರೇಷನ್ ಆಯಿತಲ್ಲ" ಎಂದರು.

ಆಗ ನೋಡಿದೆ, ಕೈಯಲ್ಲಿ ಊರುಗೋಲು. ಅದು ಆಪರೇಷನ್ ಆದಾಗಿನಿಂದಲೂ ಅವರ ಕೈಯಲ್ಲಿತ್ತು. ಆಸ್ಪತ್ರೆಯಿಂದ ಅವರು ಬಂದ ದಿನವೂ ನಾನು ನಮಸ್ಕಾರ ಹೇಳಿ, ಇವತ್ತು ಬಿಸಿಲು ಬಂತಲ್ಲ ಎಂದು ಸೈಕಲ್ಲು ಹತ್ತಿ ಹೋಗಿದ್ದೆನಂತೆ. ಅವರ ಮಾತಿನಲ್ಲಿ ಒಂದಿಷ್ಟೂ ದೂರು ಇರಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ. ನನ್ನನ್ನು ಯಾರೂ ಕೇಳುವುದಿಲ್ಲ ಎಂದು ಹನ್ನೆರಡು ವರ್ಷ ಕೊರಗಿದವಳು ನಾನು ಯಾರನ್ನಾದರೂ ಕೇಳಿದ್ದೆನೇ? ಒಂದು ಗೋಡೆಯ ಆಚೆ ಒಬ್ಬರು ಐದು ವಾರ ಇಲ್ಲವೆಂಬುದು, ಪುಟ್ಟತಾಯಮ್ಮನ ಬೀದಿಯಲ್ಲಿ ಬೆಳೆದ ನನಗೆ ಗೊತ್ತಾಗಲಿಲ್ಲ. ಅಜ್ಜಿಯ ಪ್ರಶ್ನೆಗೆ ಹೆದರಿ ಓಡಿಬಂದವಳು ಆ ಪ್ರಶ್ನೆ ಕೇಳುವುದನ್ನೂ ಅಲ್ಲೇ ಬಿಟ್ಟು ಬಂದಿದ್ದೆ. ಕ್ಷಮಿಸಿ ಎಂದೆ. ವಿಲ್ಮಾ, "ಕಾಫಿ ಕುಡೀತೀರಾ?" ಎಂದರು. ಡೈರಿ ತೆಗೆಯಲಿಲ್ಲ.

ಅವರ ಅಡುಗೆಮನೆಯಲ್ಲಿ ಕೂತು ಸೊಂಟದ ಕಥೆ ಪೂರ್ತಿ ಕೇಳಿದೆ. ನನ್ನ ಬೆಟ್ಟದ ಊರಿನ ಕಥೆಯನ್ನೂ, ಹಾಗೆಯೇ ಪುಟ್ಟತಾಯಮ್ಮನ ಕಥೆಯನ್ನೂ ಹೇಳಿದೆ. ಲೈಬ್ರರಿಯ ಪ್ರಸಂಗಕ್ಕೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾರನೆಯ ದಿನ ಉಳಿದ ಡಬ್ಬಿ ಹಿಡಿದು ಇಬ್ಬರೂ ಒಟ್ಟಿಗೆ ಹೊರಟೆವು. ನಲವತ್ತು ವರ್ಷದಿಂದ ಅದೇ ಬೀದಿಯಲ್ಲಿರುವ ವಿಲ್ಮಾಗೂ ಮೂರು ಮನೆಯವರು ಯಾರೆಂದು ಗೊತ್ತಿರಲಿಲ್ಲ. ಬಾಗಿಲಲ್ಲಿ ಏನೂ ಕೊಳ್ಳದ ಆ ಗಂಡಸು ಕೂಡ ಊರುಗೋಲಿಗೆ ಮರ್ಯಾದೆ ಕೊಟ್ಟು ಡಬ್ಬಿ ತೆಗೆದುಕೊಂಡ. ಕೊನೆಗೆ ಪುಟ್ಟತಾಯಮ್ಮನ ಪಾಲಿನದು ಉಳಿಯಿತು, ಅದನ್ನು ನಾವಿಬ್ಬರೂ ತಿಂದು ಮುಗಿಸಿದೆವು. ಡಾಕ್ಟರಿಗೆ ಹೇಳಬೇಡಿ.

"ಅಂಚಾಯ್ತಾ?" ಎಂದು ಅಕ್ಕ ಫೋನಿನಲ್ಲಿ ಕೇಳಿದಳು.

"ಆಯ್ತು ಕಣಕ್ಕ."

"ಅಂಗಾದ್ರೆ ಈಗ ಬಂದೆ ಅನ್ನು" ಎಂದಳು.

ಅಂದಿನಿಂದ ನಾನು ಬೆಳಗ್ಗೆ ಸೈಕಲ್ಲು ಹೊರಗೆ ತೆಗೆದರೆ ವಿಲ್ಮಾ ಅಡುಗೆಮನೆಯ ಕಿಟಕಿ ತೆರೆದು, ಎಲ್ಲಿಗೆ ಎಂದು ಕೇಳುತ್ತಾರೆ. ಆಫೀಸಿಗೆ ಎನ್ನುತ್ತೇನೆ. ನೀವೆಲ್ಲಿಗೆ ಎನ್ನುತ್ತೇನೆ. ಎಲ್ಲಿಗೂ ಇಲ್ಲ, ಕಾಲಿನ ವ್ಯಾಯಾಮ ಎನ್ನುತ್ತಾರೆ. ದಿನಾ ಇದೇ ಮಾತು, ದಿನಾ ಇದೇ ಉತ್ತರ.

ಮೊನ್ನೆ ಭಾನುವಾರ ಮಧ್ಯಾಹ್ನ ಮನೆಯೊಳಗೆ ಕೂರಲಾಗಲಿಲ್ಲ. ಭಾನುವಾರಗಳು ಹಾಗೆಯೇ. ಸೈಕಲ್ಲು ತೆಗೆದೆ, ಕಿಟಕಿ ತೆರೆಯಿತು, ಎಲ್ಲಿಗೆ ಎಂಬ ಪ್ರಶ್ನೆ ಬಂತು. ಹೋಗುವುದಕ್ಕೆ ಜಾಗವಿಲ್ಲ ಎಂದು ಹೇಳಲು ಮನಸ್ಸಾಗದೆ "ಲೈಬ್ರರಿಗೆ" ಎಂದೆ.

ವಿಲ್ಮಾ ಕಿಟಕಿಯಿಂದ ಕತ್ತು ಹೊರಗೆ ಚಾಚಿದರು. ಆಮೇಲೆ, "ಇವತ್ತು ಭಾನುವಾರ. ಲೈಬ್ರರಿ ಮುಚ್ಚಿರುತ್ತದೆ" ಎಂದರು.

ಇಪ್ಪತ್ತೈದು ವರ್ಷದ ಮೇಲೆ ಎರಡನೆಯ ಸಲ ಸಿಕ್ಕಿಬಿದ್ದೆ. ಆದ ಸಂತೋಷವನ್ನು ಏನೆಂದು ಹೇಳಲಿ! ಸೈಕಲ್ಲನ್ನು ಗೋಡೆಗೆ ಒರಗಿಸಿ, ಎಲ್ಲಿಗೂ ಇಲ್ಲ ಎಂದು ನಿಜ ಹೇಳಿದೆ.

"ಹಾಗಾದರೆ ತಡಿ, ನನಗೂ ಅಲ್ಲಿಗೇ ಹೋಗಬೇಕು" ಎಂದು ವಿಲ್ಮಾ ಊರುಗೋಲು ತರಲು ಒಳಗೆ ಹೋದರು.