ದಿಂಬಿಗೆ ಸುತ್ತಿದ ಸೀರೆ

ಇದು ನಡೆದದ್ದು ಕಳೆದ ವರ್ಷ ಮಾರ್ಚ್ ಕೊನೆಯಲ್ಲಿ, ನನ್ನ ಮಗಳು ಮಾನ್ವಿಯ ಪ್ರಿ-ಕೆಜಿ ಮುಗಿಯುತ್ತಾ ಬಂದಿದ್ದಾಗ. ನಮ್ಮ ಮನೆ ಇರುವುದು ಹೊಳೆನರಸೀಪುರದಲ್ಲಿ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಅರಕಲಗೂಡು, ಕೊಣನೂರು ಕಡೆ ಓಡಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಾಗಿಲಲ್ಲಿ ನಿಲ್ಲಬೇಡಿ ಒಳಗೆ ನಡೀರಿ ಎಂದು ನನ್ನಿಂದ ಬೈಸಿಕೊಂಡಿರಲೂಬಹುದು. ನನ್ನ ಬಾಯಿ ಸ್ವಲ್ಪ ಜೋರೇ. ತುಂಬಿದ ಬಸ್ಸಿನಲ್ಲಿ ಮೆತ್ತಗೆ ಮಾತಾಡಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಷ್ಟು ಬಾಯಿ ಇರುವ ನಾನು ನಾಲ್ಕು ವರ್ಷದ ಮಗಳಿಗೆ ಒಂದೇ ಒಂದು ಮಾತು ಹೇಳಲು ಹೆದರುತ್ತಿದ್ದೆ.

ನನ್ನದು ಬೆಳಗಿನ ಮೊದಲ ಬಸ್ಸು. ಇನ್ನೂ ಕತ್ತಲಿರುವಾಗಲೇ ಮನೆ ಬಿಡಬೇಕು. ಮಾನ್ವಿಗೋ ನನ್ನ ಸೆರಗು ಹಿಡಿದುಕೊಳ್ಳದಿದ್ದರೆ ನಿದ್ದೆಯೇ ಬರುವುದಿಲ್ಲ. ಹೆರಿಗೆ ರಜೆ ಮುಗಿದು ನಾನು ಮತ್ತೆ ಡ್ಯೂಟಿಗೆ ಹೊರಟಾಗ ನಮ್ಮ ಅತ್ತೆ ಒಂದು ಉಪಾಯ ಹೇಳಿಕೊಟ್ಟಿದ್ದರು. ರಾತ್ರಿ ಉಟ್ಟ ಹಳೆಯ ಸೀರೆಯನ್ನು ದಿಂಬಿಗೆ ಸುತ್ತಿ ಮಗುವಿನ ಪಕ್ಕ ಇಡುವುದು, ಸೆರಗಿನ ತುದಿಯನ್ನು ಅದರ ಮುಷ್ಟಿಗೆ ಕೊಟ್ಟು ಬೆಕ್ಕಿನ ಹಾಗೆ ಸದ್ದಿಲ್ಲದೆ ಹೊರಗೆ ಹೋಗುವುದು.

"ಮಗ ನೋಡ್ದಂಗೆ ಓಗ್ಬುಡು ಕಣವ್ವ. ನೋಡುದ್ರೆ ಅಳ್ತದೆ. ಅಳೋ ಮಗ ಬುಟ್ಟು ಓದ್ರೆ ನಿಂಗೂ ಕೆಲ್ಸದ ಮ್ಯಾಲೆ ಗ್ಯಾನ ಇರಕಿಲ್ಲ," ಎಂದಿದ್ದರು.

ಅವರು ಗದ್ದೆ ಕೆಲಸಕ್ಕೆ ಹೋಗುವಾಗ ನಮ್ಮ ಯಜಮಾನರನ್ನೂ ಹೀಗೇ ಬಿಟ್ಟು ಹೋಗುತ್ತಿದ್ದರಂತೆ. ನಮ್ಮ ಕಡೆ ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಇದೇ ಪದ್ಧತಿ. ಮಗು ಮಲಗಿರುವಾಗ ಜಾರಿಕೊಳ್ಳುವುದು, ಎದ್ದು ಕೇಳಿದರೆ ಅಮ್ಮ ಅಂಗಡಿಗೆ ಹೋಗಿದ್ದಾಳೆ, ಈಗ ಬಂದುಬಿಡುತ್ತಾಳೆ ಎನ್ನುವುದು. ಅದರಲ್ಲಿ ತಪ್ಪೇನಿದೆ ಎಂದು ನಾನು ಯೋಚಿಸಿದವಳೇ ಅಲ್ಲ. ಸಂಜೆ ಬಂದು ಕೇಳಿದರೆ ಅತ್ತೆ, ಎದ್ದಾಗ ಒಂಚೂರು ಅಳ್ತಾಳೆ, ಆಮೇಲೆ ಸರಿ ಹೋಗ್ತಾಳೆ ಎನ್ನುತ್ತಿದ್ದರು.

ಸರಿ ಹೋಗುತ್ತಿರಲಿಲ್ಲ. ಸ್ಕೂಲಿಗೆ ಸೇರಿಸಿದ ಮೇಲಂತೂ ಅವಳ ಹಟ ಹೆಚ್ಚಾಯಿತು. ನನ್ನ ವಾರದ ರಜೆ ಬಂತೆಂದರೆ ನನ್ನ ಕಾಲು ಬಿಡುವವಳಲ್ಲ. ನಾನು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂರುವಳು. ಕರಿಬೇವು ಕೀಳಲು ಹಿತ್ತಲಿಗೆ ಹೋದರೂ ಬೀದಿಗೆಲ್ಲ ಕೇಳುವ ಹಾಗೆ ಕಿರುಚುವಳು. ರಾತ್ರಿ ಸೆರಗನ್ನು ಬರೀ ಹಿಡಿದುಕೊಳ್ಳುವುದಲ್ಲ, ಕೈಗೆ ಎರಡು ಸುತ್ತು ಸುತ್ತಿಕೊಂಡು ಮಲಗುವಳು. ಬೆಳಿಗ್ಗೆ ಆ ಸುತ್ತನ್ನು ಒಂದೊಂದೇ ಬೆರಳು ಸರಿಸಿ ಬಿಡಿಸುತ್ತಿದ್ದೆ.

ನಮ್ಮ ಯಜಮಾನರು ಗೂಡ್ಸ್ ಆಟೋದಲ್ಲಿ ಚನ್ನರಾಯಪಟ್ಟಣದ ಮಾರುಕಟ್ಟೆಗೆ ತೆಂಗಿನಕಾಯಿ ಸಾಗಿಸುವವರು. ಅವರೂ ಬೇಗ ಹೊರಡುತ್ತಾರೆ. ಅತ್ತೆಗೆ ಮಂಡಿ ನೋವು. ಅಳುವ ಮಗುವಿನ ಹಿಂದೆ ಓಡಿ ಓಡಿ ಅವರೂ ಸೋತಿದ್ದರು. ಕೊನೆಗೆ ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಎಲ್‌ಕೆಜಿಗೆ ಮಾನ್ವಿಯನ್ನು ಕೊಣನೂರಿನಲ್ಲಿರುವ ನನ್ನ ತವರಿನಲ್ಲಿ ಬಿಡುವುದು. ದಿನಾ ಕಂಡು ದಿನಾ ಅಳುವುದಕ್ಕಿಂತ ಕಣ್ಣಿಗೆ ಕಾಣದೆ ಇದ್ದರೆ ಬೇಗ ಹೊಂದಿಕೊಳ್ಳುತ್ತಾಳೆ ಎಂದು ನಮ್ಮವ್ವನೂ ಹೇಳಿದಳು. ನನ್ನ ಬಸ್ಸು ದಿನಾ ಕೊಣನೂರಿಗೆ ಹೋಗುತ್ತದಲ್ಲ, ಸ್ಟ್ಯಾಂಡಿನಲ್ಲಿ ನಿಂತಷ್ಟು ಹೊತ್ತು ನೋಡಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಗಳಿಗೆ ಮಾತ್ರ ಯಾರೂ ಹೇಳಲಿಲ್ಲ. ರಜೆಗೆ ಅಜ್ಜಿ ಮನೆಗೆ ಅಂತ ಕರೆದುಕೊಂಡು ಹೋಗಿ, ಅವಳು ಮಲಗಿದಾಗ ನಾವು ಬಂದುಬಿಡುವುದು ಎಂದು ಮಾತಾಗಿತ್ತು.

ಅಷ್ಟರಲ್ಲಿ ಸ್ಕೂಲಿನಿಂದ ಕರೆ ಬಂತು. ಮಕ್ಕಳಿಗೆ ಪಾಠ ಮಾಡುವ ಸುಧಾ ಮಿಸ್ ಎಲ್ಲ ಮಕ್ಕಳ ಮನೆಗೂ ಫೋನ್ ಮಾಡಿ, ವರ್ಷ ಮುಗೀತಾ ಬಂತು, ಒಂದು ದಿನ ಬೆಳಿಗ್ಗೆ ಬಂದು ಮಕ್ಕಳು ಏನು ಕಲಿತಿದ್ದಾರೆ ನೋಡಿ ಎಂದಿದ್ದರು. ಡ್ಯಾನ್ಸ್ ಇಲ್ಲ, ಮೈಕ್ ಇಲ್ಲ, ಬಾಡಿಗೆ ಡ್ರೆಸ್ ಬೇಡ, ಸುಮ್ಮನೆ ಬಂದು ನೋಡಿ ಅಷ್ಟೆ. ಡ್ಯಾನ್ಸ್ ಇಲ್ಲದ ಕಾರ್ಯಕ್ರಮ ಎಂಥದು ಎಂದು ನನಗೂ ಅನ್ನಿಸಿತು. ಆದರೂ ಒಂದು ವರ್ಷದಲ್ಲಿ ಮಗಳ ಕ್ಲಾಸನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಮುಂದಿನ ವರ್ಷ ಅವಳು ಇಲ್ಲಿರುವುದೂ ಇಲ್ಲ. ಆ ದಿನ ರಜೆ ಸಿಗಲಿಲ್ಲ. ಜೊತೆ ಕೆಲಸ ಮಾಡುವ ಒಬ್ಬರನ್ನು ಕಾಡಿ ಬೇಡಿ ಒಪ್ಪಿಸಿ, ಮೊದಲ ಟ್ರಿಪ್ ಮುಗಿಸಿ ಬಸ್ಸು ಅವರಿಗೆ ಒಪ್ಪಿಸಿ, ಖಾಕಿ ಬಟ್ಟೆಯಲ್ಲೇ ಸ್ಕೂಲಿಗೆ ಓಡಿದೆ. ಅತ್ತೆ ಮೊದಲೇ ಬಂದು ಗೇಟಿನ ಹತ್ತಿರ ಕಾಯುತ್ತಿದ್ದರು.

ಸುಧಾ ಮಿಸ್ ನಮ್ಮೂರಿನ ದೇವಸ್ಥಾನದ ಬೀದಿಯವರು. ಮೆತ್ತಗೆ ಮಾತಾಡುತ್ತಾರೆ, ಆದರೂ ಎಲ್ಲರೂ ಕೇಳುತ್ತಾರೆ. ಆ ವಿದ್ಯೆ ನನಗೆ ಬರುವುದಿಲ್ಲ. ಅವರು ನಮ್ಮನ್ನೆಲ್ಲ ಒಳಗೆ ಬಿಡಲಿಲ್ಲ. ನಿಮ್ಮನ್ನು ಕಂಡರೆ ಮಕ್ಕಳು ಆಟ ಬಿಟ್ಟು ಓಡಿ ಬರ್ತಾರೆ, ಮೊದಲು ಕಿಟಕಿಯಿಂದ ನೋಡಿ, ಆಮೇಲೆ ಒಳಗೆ ಬರುವಿರಂತೆ ಎಂದರು. ಹಿಂದಿನ ವರಾಂಡದ ಕಿಟಕಿಗೆ ಹಸಿರು ನೆಟ್ ಹೊಡೆದಿದ್ದರು. ಅದರ ಹಿಂದೆ ನಾವು ಸಿನಿಮಾ ಟಿಕೆಟ್ಟಿಗೆ ನಿಂತವರ ಹಾಗೆ ಒಬ್ಬರ ಭುಜದ ಮೇಲೆ ಒಬ್ಬರು ಬಗ್ಗಿ ನಿಂತೆವು.

ಒಳಗೆ ನೋಡಿದರೆ ಏನು ಹೇಳಲಿ. ಒಂದು ಕಡೆ ಮಕ್ಕಳು ಹುಣಸೆ ಬೀಜ ಎಣಿಸಿ ಎಣಿಸಿ ತಟ್ಟೆಗೆ ಹಾಕುತ್ತಿದ್ದರು. ಐದಾದ ಮೇಲೆ ಒಬ್ಬ ಹುಡುಗ ಪ್ರತಿಸಲವೂ ಏಳಕ್ಕೆ ಹಾರುತ್ತಿದ್ದ, ಪಕ್ಕದವಳು ಅವನ ಕೈ ಹಿಡಿದು ಹಿಂದಕ್ಕೆ ತರುತ್ತಿದ್ದಳು. ಎದುರು ಗೋಡೆಯ ಕಿಟಕಿಯ ಕಟ್ಟೆ ಮೇಲೆ ಕರಟಗಳಲ್ಲಿ ರಾಗಿ ಪೈರು ಬಂದಿತ್ತು. ಒಬ್ಬ ಚೋಟುದ್ದದವನು ಚಮಚದಲ್ಲಿ ಒಂದೊಂದಕ್ಕೂ ನೀರು ಹಾಕುತ್ತಾ ಬರುತ್ತಿದ್ದ. ಜೂನ್‌ನಲ್ಲಿ ಚಪ್ಪಲಿ ಅದಲುಬದಲು ಹಾಕಿಕೊಂಡು, ಊಟದ ಡಬ್ಬಿ ತೆಗೆಯಲು ಬಾರದೆ ಅಳುತ್ತಿದ್ದ ಮಕ್ಕಳೇ ಅಂತೆ ಇವು. ಈಗ ನೋಡಿದರೆ ಪಕ್ಕದವರ ಡಬ್ಬಿಯನ್ನೂ ತೆಗೆದುಕೊಡುತ್ತಿವೆ. ನನ್ನ ಪಕ್ಕ ನಿಂತಿದ್ದ ಒಬ್ಬರು ಅಪ್ಪ, ಎಬಿಸಿಡಿ ಬರೆಸಲ್ವಾ ಮಿಸ್ ಎಂದು ಕೇಳಿದರು. ಬರೆಯೋದಕ್ಕೆ ಬೆರಳು ಗಟ್ಟಿಯಾಗಬೇಕಲ್ಲ ಸರ್, ಅದಕ್ಕೇ ಬೀಜ ಹೆಕ್ಕಿಸ್ತೀನಿ ಎಂದರು ಮಿಸ್.

ನಾನು ಮಾನ್ವಿಯನ್ನು ಹುಡುಕುತ್ತಿದ್ದೆ. ಅವಳು ಮೂಲೆಯಲ್ಲಿದ್ದಳು. ಅಲ್ಲಿ ಚಾಪೆ ಹಾಸಿ, ಆಟದ ಒಲೆ ಪಾತ್ರೆ ಇಟ್ಟು ಮನೆ ಮಾಡಿದ್ದರು. ಮನೆಯ ಎದುರಿಗೆ ಪುಟ್ಟ ಕುರ್ಚಿಗಳನ್ನು ಸಾಲಾಗಿ ಜೋಡಿಸಿ ಬಸ್ಸು. ಮುಂದಿನ ಕುರ್ಚಿಯಲ್ಲಿ ಸ್ಟೀಲ್ ತಟ್ಟೆ ಹಿಡಿದು ತಿರುಗಿಸುತ್ತಾ ಚಿರಂತ್ ಎಂಬ ಹುಡುಗ ಡ್ರೈವರ್ ಆಗಿದ್ದ. ಹಿಂದೆ ನಾಲ್ಕೈದು ಪ್ಯಾಸೆಂಜರ್. ನನ್ನ ಮಗಳು ಕುತ್ತಿಗೆಗೆ ಒಂದು ಬ್ಯಾಗ್ ನೇತು ಹಾಕಿಕೊಂಡು ಕಂಡಕ್ಟರ್. ಒಳಗೆ ನಡೀರಿ, ಒಳಗೆ ನಡೀರಿ ಎಂದು ಸೊಂಟದ ಮೇಲೆ ಕೈ ಇಟ್ಟು ಗದರಿಸುತ್ತಿದ್ದಳು. ಥೇಟ್ ನನ್ನದೇ ಗಂಟಲು. ಕಿಟಕಿಯಲ್ಲಿದ್ದವರೆಲ್ಲ ನನ್ನ ಖಾಕಿ ನೋಡಿ ನಕ್ಕರು. ನನಗೂ ನಗು, ಹೆಮ್ಮೆ ಎರಡೂ.

ಡ್ರೈವರ್ ಬಾಯಲ್ಲೇ ಹಾರ್ನ್ ಹೊಡೆದು, ಬೇಗ ಬಾ ಟೈಮಾಯ್ತು ಎಂದ. ಮಾನ್ವಿ ವಿಶಲ್ ಹೊಡೆಯಲಿಲ್ಲ. ಬಸ್ಸು ಬಿಟ್ಟು ಮನೆಗೆ ಬಂದಳು. ಚಾಪೆಯ ಮೇಲೆ ಒಂದು ಗೊಂಬೆ ಮಲಗಿತ್ತು. ಲಿಖಿತಾ ಎಂಬ ಹುಡುಗಿ ಬೆನ್ನು ಬಗ್ಗಿಸಿಕೊಂಡು ಅಜ್ಜಿಯಾಗಿದ್ದಳು. ಆ ಅಜ್ಜಿ ಒಂದು ಸಣ್ಣ ದಿಂಬಿಗೆ ಟವೆಲ್ ಸುತ್ತಿ ಗೊಂಬೆಯ ಪಕ್ಕ ಮಲಗಿಸಿದಳು. ದಿಂಬಿಗೆ ಸೀರೆ ಸುತ್ತುವ ಉಪಾಯ ನಮ್ಮ ಮನೆಯ ಗುಟ್ಟು ಎಂದುಕೊಂಡಿದ್ದೆ. ಮಗು ಅದನ್ನು ಇಡೀ ಕ್ಲಾಸಿಗೆ ಕಲಿಸಿಬಿಟ್ಟಿತ್ತು.

ಮಾನ್ವಿ ಆ ದಿಂಬನ್ನು ಎತ್ತಿ ಪಕ್ಕಕ್ಕೆ ಇಟ್ಟಳು. ಎಸೆಯಲಿಲ್ಲ, ಮೆಲ್ಲಗೆ ಇಟ್ಟಳು. ಆಮೇಲೆ ಮಂಡಿಯೂರಿ ಕೂತು ಗೊಂಬೆಯ ಭುಜ ಅಲ್ಲಾಡಿಸಿದಳು.

"ಎಬ್ಬಿಸ್ಬ್ಯಾಡ, ಅಳ್ತದೆ," ಎಂದಳು ಅಜ್ಜಿ.

"ಅಳ್ಲಿ ಬುಡು. ಯೋಳ್ದಂಗೆ ಓದ್ರೆ ಉಡುಕ್ತದೆ," ಎಂದಳು ನನ್ನ ಮಗಳು.

ಹಾಗೆಂದವಳೇ ಗೊಂಬೆಯನ್ನು ಎತ್ತಿ ಕೂರಿಸಿಕೊಂಡು ಅದರ ಮುಖದ ಹತ್ತಿರ ಮುಖ ತಂದು ಹೇಳಿದಳು, "ಮಗಾ, ಕಣ್ಬುಡು. ಅಮ್ಮ ಬಸ್ಸಿಗೆ ಓಯ್ತದೆ. ನೀನು ಇಸ್ಕೂಲಿಗೆ ಓಗು. ಸಂಜೆ ಬತ್ತದೆ." ಆಮೇಲೆ ಗೊಂಬೆಯ ಪರವಾಗಿ ತಾನೇ ಊಂ ಊಂ ಎಂದು ಅತ್ತಳು. ತಾನೇ ಬೆನ್ನು ತಟ್ಟಿದಳು. ತಾನೇ ಕಣ್ಣೊರೆಸಿದಳು. ಅಳು ಮುಗಿಯುವವರೆಗೂ ಬಸ್ಸು ಕಾಯಿತು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ, ಪ್ಯಾಸೆಂಜರ್‌ಗಳೂ ತುಟಿ ಬಿಚ್ಚದೆ ಕೂತಿದ್ದರು. ಅವರಿಗೆಲ್ಲ ಈ ಆಟ ಅಭ್ಯಾಸವಾಗಿತ್ತು ಎಂದು ಕಾಣುತ್ತದೆ. ಗೊಂಬೆಯನ್ನು ಅಜ್ಜಿಯ ತೊಡೆಗೆ ಕೊಟ್ಟು, ಓಡಿ ಬಂದು ಬಾಯಲ್ಲೇ ವಿಶಲ್ ಹೊಡೆದು ರೈಟ್ ರೈಟ್ ಎಂದಳು. ಬಸ್ಸು ಹೊರಟಿತು.

ನಾನು ಕಿಟಕಿ ಬಿಟ್ಟು ವರಾಂಡದ ಮೆಟ್ಟಿಲ ಮೇಲೆ ಕುಳಿತೆ. ಬಸ್ಸಿನಲ್ಲಿ ಎಂಥೆಂಥವರು ಏನೇನೋ ಅಂದಿದ್ದಾರೆ, ಒಂದು ದಿನವೂ ಕಣ್ಣೀರು ಹಾಕಿದವಳಲ್ಲ. ಅವತ್ತು ಖಾಕಿ ತೋಳಿನಲ್ಲೇ ಕಣ್ಣು ಮೂಗು ಒರೆಸಿಕೊಂಡೆ. ಅತ್ತೆ ಮಂಡಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ದಿನಾ ಹುಡುಕುತ್ತಾಳಾ ಅತ್ತೆ ಎಂದು ನಾನೇ ಕೇಳಿದೆ.

"ಊಂ ಕಣವ್ವ, ಉಡುಕ್ತದೆ. ಅಡುಗೆ ಮನೆ ನೋಡ್ತದೆ, ಇತ್ಲಿಗೆ ಓಯ್ತದೆ, ಮಂಚದ ಕೆಳ್ಗೂ ಬಗ್ಗಿ ನೋಡ್ತದೆ. ನಿಂಗೆ ಸಂಕ್ಟ ಆಯ್ತದೆ ಅಂತ ನಾನು ಯೋಳ್ನಿಲ್ಲ," ಎಂದು ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅವರ ಮೇಲೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ನನಗೆ ಸಂಕಟವಾಗಬಾರದು ಎಂದು ಅವರು ಮುಚ್ಚಿಟ್ಟರು, ಮಗುವಿಗೆ ಸಂಕಟವಾಗಬಾರದು ಎಂದು ನಾನು ಮುಚ್ಚಿಟ್ಟೆ. ಆ ಸಂಕಟವನ್ನೆಲ್ಲ ಅದೊಂದು ಕೂಸು ಹೊತ್ತುಕೊಂಡು ದಿನಾ ಬೆಳಿಗ್ಗೆ ಮಂಚದ ಕೆಳಗೆಲ್ಲ ನನ್ನನ್ನು ಹುಡುಕುತ್ತಾ ತಿರುಗಿತ್ತು.

ಆಟ ಮುಗಿದ ಮೇಲೆ ಮಿಸ್ ಬಂದರು. ಮೊದಮೊದಲು ಮಾನ್ವಿ ಬಸ್ಸನ್ನು ಹೊರಡಲು ಬಿಡುತ್ತಲೇ ಇರಲಿಲ್ಲವಂತೆ. ಯಾರಾದರೂ ರೈಟ್ ಎಂದರೆ ಅಡ್ಡ ನಿಂತು ಅಳುತ್ತಿದ್ದಳಂತೆ. ದೀಪಾವಳಿ ಕಳೆದ ಮೇಲೆ ಒಂದು ದಿನ ತಾನೇ ಗೊಂಬೆ ಎಬ್ಬಿಸಿ ಹೇಳಿ ಹೋಗುವುದನ್ನು ಶುರು ಮಾಡಿದಳು, ಅವತ್ತಿನಿಂದ ಬಸ್ಸು ಹೊರಡುತ್ತಿದೆ ಎಂದರು. ನಾನು ಹೇಳಿಕೊಟ್ಟಿದ್ದಲ್ಲ, ಅವಳೇ ಕಂಡುಕೊಂಡಿದ್ದು, ನನ್ನ ಬಾಯಿಂದ ಕೇಳೋದಕ್ಕಿಂತ ನೀವೇ ನೋಡಲಿ ಅಂತ ಕರೆಸಿದೆ ಎಂದು ನನ್ನ ಕೈ ಹಿಡಿದುಕೊಂಡರು. ನಾನು ಕೊಣನೂರಿನ ವಿಷಯ ಅವರಿಗೆ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು.

ಒಳಗೆ ಹೋದಾಗ ಮಾನ್ವಿ ನನ್ನನ್ನು ಕಂಡು ಒಂದು ಕ್ಷಣ ಹಾಗೇ ನಿಂತಳು. ಹಗಲು ಹೊತ್ತಿನಲ್ಲಿ, ಸ್ಕೂಲಿನಲ್ಲಿ, ಖಾಕಿ ಹಾಕಿಕೊಂಡ ಅಮ್ಮ ಅವಳಿಗೆ ನಂಬುವ ಹಾಗಿರಲಿಲ್ಲ. ಆಮೇಲೆ ಓಡಿ ಬಂದು ಕಾಲು ತಬ್ಬಿಕೊಂಡಳು. ಉಳಿದ ಮಕ್ಕಳೆಲ್ಲ ನಿಜವಾದ ಕಂಡಕ್ಟರ್ ಬಂದರು ಎಂದು ಸುತ್ತುವರಿದು ಟಿಕೆಟ್ ಟಿಕೆಟ್ ಎಂದು ಕೈ ಚಾಚಿದವು. ಒಬ್ಬೊಬ್ಬರ ಅಂಗೈಯನ್ನೂ ಬೆರಳಲ್ಲಿ ತಟ್ಟಿ ಟಿಕೆಟ್ ಕೊಟ್ಟ ಹಾಗೆ ಮಾಡಿದೆ. ಅವತ್ತು ಆ ಪುಟ್ಟ ಕುರ್ಚಿಯಲ್ಲಿ ಪ್ಯಾಸೆಂಜರ್ ಆಗಿ ಕೂತೆ.

ಸಂಜೆ ಯಜಮಾನರು ಬಂದ ಮೇಲೆ ಎಲ್ಲ ಹೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು. ಕೊಣನೂರು ಬೇಡ ಬಿಡು ಎಂದು ಅವರೇ ಮೊದಲು ಅಂದದ್ದು. ನಮ್ಮವ್ವ ಫೋನಿನಲ್ಲಿ ಸ್ವಲ್ಪ ಮುನಿಸಿಕೊಂಡಳು, ಆಮೇಲೆ ಒಪ್ಪಿದಳು.

ಮಾರನೆಯ ದಿನ ಬೆಳಿಗ್ಗೆ ಖಾಕಿ ಹಾಕಿಕೊಂಡು ಮಂಚದ ಪಕ್ಕ ಕುಳಿತೆ. ದಿಂಬಿಗೆ ಸೀರೆ ಸುತ್ತಿರಲಿಲ್ಲ. ಎಬ್ಬಿಸಲೋ ಬೇಡವೋ ಎಂದು ಕೈ ಮುಂದೆ ಹೋಗಿ ಹಿಂದೆ ಬಂತು. ಕೊನೆಗೆ ಭುಜ ಅಲ್ಲಾಡಿಸಿದೆ. ಮಗಾ, ಅಮ್ಮ ಬಸ್ಸಿಗೆ ಹೋಗ್ತಾ ಇದ್ದೀನಿ, ಸಂಜೆ ಬರ್ತೀನಿ ಎಂದೆ. ಅವಳು ಕಣ್ಣು ಬಿಟ್ಟು ನೋಡಿದಳು, ಜೋರಾಗಿ ಅತ್ತಳು. ನಾನು ಬೆನ್ನು ತಟ್ಟುತ್ತಾ ಕೂತೆ. ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಂತಿತು. ಅತ್ತೆಯ ತೊಡೆಗೆ ಕೊಟ್ಟು ಓಡಿದೆ. ಮಾರನೆಯ ದಿನವೂ ಅತ್ತಳು. ಅದರ ಮಾರನೆಯ ದಿನವೂ. ಆದರೆ ಎದ್ದ ಮೇಲೆ ಹುಡುಕಲಿಲ್ಲ ಕಣವ್ವ ಎಂದು ಅತ್ತೆ ದಿನಾ ಸಂಜೆ ವರದಿ ಒಪ್ಪಿಸುತ್ತಿದ್ದರು. ಬರಬರುತ್ತಾ ಅಳುವೂ ಕಡಿಮೆಯಾಯಿತು. ಒಂದು ಬೆಳಿಗ್ಗೆ ಕಣ್ಣು ಪೂರ್ತಿ ಬಿಡದೆಯೇ, ಊಂ ಓಗು ಎಂದು ಮಗ್ಗುಲಾದಳು. ಅವತ್ತು ಬಸ್ಸಿನಲ್ಲಿ ನಾನು ಯಾರನ್ನೂ ಬೈಯಲಿಲ್ಲ ಎಂದು ನಮ್ಮ ಡ್ರೈವರ್ ಹೇಳುತ್ತಾರೆ.

ಏಪ್ರಿಲ್‌ನಲ್ಲಿ ನನಗೆ ವಾರದ ರಜೆ ಬಂದ ಒಂದು ದಿನ. ಪಾಪ, ಮಲಗಿಕೊಳ್ಳಲಿ ಎಂದು ಎಬ್ಬಿಸದೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಬಿಸಿಲು ಬಂದ ಮೇಲೆ ಎದ್ದು ಕಣ್ಣುಜ್ಜಿಕೊಳ್ಳುತ್ತಾ ಬಂದಳು. ನನ್ನನ್ನು ಕಂಡು ಖುಷಿಪಟ್ಟು ಓಡಿ ಬರುತ್ತಾಳೆ ಎಂದುಕೊಂಡೆ. ಅವಳು ಸೊಂಟದ ಮೇಲೆ ಕೈ ಇಟ್ಟು ಮುಖ ಗಂಟಿಕ್ಕಿದಳು.

"ಇವತ್ತು ಓಗಕಿಲ್ವಾ? ಮತ್ತೆ ನನ್ನ ಎಬ್ಬಿಸಿ ಯೋಳ್ಬೇಕು ತಾನೆ, ಇವತ್ತು ಮನೇಲೇ ಇರ್ತೀನಿ ಅಂತ?"

ತಪ್ಪಾಯ್ತು ಮಗಾ ಎಂದೆ. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಹೊರಗೆ ಬಂದು ನೋಡುತ್ತೇನೆ, ಮೊದಲಿನ ಹಾಗೆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತವರು ಯಾರೂ ಇಲ್ಲ. ಅವಳು ಅಡುಗೆಮನೆಯಲ್ಲಿ ಕೂತು ಬಿಸಿ ರೊಟ್ಟಿ ಊದಿಕೊಂಡು ತಿನ್ನುತ್ತಿದ್ದಳು. ನಾನು ಎಲ್ಲಿಗೆ ಹೋದೆ ಎಂದು ತಲೆ ಎತ್ತಿಯೂ ನೋಡಲಿಲ್ಲ. ಆ ನೆಮ್ಮದಿಯ ಮುಖ ನೆನೆಸಿಕೊಂಡರೆ ಈಗಲೂ ನನ್ನ ಕಣ್ಣು ತುಂಬುತ್ತದೆ.