ಮೇಣದೊಳಗೆ ಉಳಿದಿದ್ದ ಮಿದುಳಿನ ಚೂರು

ಆಷಾಢದ ಮಳೆ ಹಿಡಿದು ನಾಲ್ಕು ದಿನ. ಮುಂಬಯಿಯ ವಿಕ್ರೋಳಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಬೆಳಗಿನ ಆರಕ್ಕೇ ಅಣವೀರಪ್ಪ ಮೇಣದ ಬಿಲ್ಲೆಗಳನ್ನು ಐಸಿನ ಮೇಲೆ ಜೋಡಿಸುತ್ತಿದ್ದಾರೆ. ಪ್ರತಿ ಬಿಲ್ಲೆಯೊಳಗೂ ರೋಗ ಪತ್ತೆಗೆಂದು ತೆಗೆದ, ಯಾರದೋ ದೇಹದ ಒಂದು ಚೂರು. ಯಂತ್ರದ ಚಕ್ರ ತಿರುಗಿಸಿದರೆ ಬ್ಲೇಡು ಅದನ್ನು ಕೂದಲೆಳೆಗಿಂತ ಹದಿನೈದು ಪಟ್ಟು ತೆಳ್ಳಗೆ ಹೆರೆಯುತ್ತದೆ. ಆ ಪೊರೆಯನ್ನು ಕುಂಚದ ತುದಿಯಲ್ಲಿ ಎತ್ತಿ, ಬೆಚ್ಚನೆಯ ನೀರಿನಲ್ಲಿ ಸುಕ್ಕು ಬಿಡಿಸಿ, ಗಾಜಿಗೆ ಹತ್ತಿಸುತ್ತಾರೆ. ದಿನಕ್ಕೆ ನೂರಿಪ್ಪತ್ತು ಬಿಲ್ಲೆ.

ಅಫಜಲಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಬಿದ್ದು ಕಾಲು ಮುರಿದ ಮೇಲೆ ಇಲ್ಲಿ ಗಾಜು ತೊಳೆಯಲು ಸೇರಿ, ನೋಡಿ ನೋಡಿಯೇ ಈ ಕೆಲಸ ಕಲಿತರು. ಇಪ್ಪತ್ತೇಳು ವರ್ಷವಾಯಿತು. "ಮನ್ಯಾಗ ಹೆಂಡ್ತಿ ಸುಂದ್ರವ್ವ ನಗ್ತಾಳ್ರಿ. ಒಂದು ಉಳ್ಳಾಗಡ್ಡಿ ನೆಟ್ಟಗ ಹೆಚ್ಚಲಿಕ್ಕ ಬರಲ್ಲ, ಅಲ್ಲಿ ಏನ್ ಕೊಯ್ತೀರೋ ಅಂತಾಳ."

ಇಂದು ಕೈಯಲ್ಲಿರುವುದು ಎರಡು ವರ್ಷದ ಹಳೆಯ ಬಿಲ್ಲೆ. ಆಗ ಮಿದುಳಿನ ಗಡ್ಡೆ ತೆಗೆಸಿಕೊಂಡ ಮಲಾಡಿನ ಶಿಕ್ಷಕಿಯೊಬ್ಬರ ಕುತ್ತಿಗೆಯಲ್ಲಿ ಈಗ ಗಂಟು ಎದ್ದಿದೆ. ಬಿಲ್ಲೆಯಲ್ಲಿರುವುದು ಆ ಗಡ್ಡೆಯದೇ ಚೂರು.

"ಬೇರೆ ಕಡೆಯ ಕ್ಯಾನ್ಸರ್ ಮಿದುಳಿಗೆ ಹೋಗೋದು ದಿನಾ ನೋಡ್ತೀವಿ. ಮಿದುಳಲ್ಲೇ ಹುಟ್ಟಿದ್ದು ರಕ್ತನಾಳ ಹೊಕ್ಕು ತಲೆಬುರುಡೆಯಿಂದ ಆಚೆ ಬರೋದು ತೀರಾ ಅಪರೂಪ," ಎನ್ನುತ್ತಾರೆ ಲ್ಯಾಬಿನ ಡಾಕ್ಟರ್ ನಮಿತಾ. "ಇದು ಹೊಸ ಕಾಯಿಲೆಯೋ, ಹಳೇದೇ ಇಳಿದು ಬಂದಿದ್ಯೋ? ಗೊತ್ತಾಗದೆ ಔಷಧಿ ಕೊಡೋ ಹಾಗಿಲ್ಲ."

ಕುತ್ತಿಗೆಯ ಗಂಟಿನೊಂದಿಗೆ ಹೋಲಿಸಿ ನೋಡಲು ಹಳೆಯ ಗಡ್ಡೆಯ ಮೂರು ಪೊರೆ ಬೇಕು. ಬಿಲ್ಲೆಯಲ್ಲಿ ಉಳಿದಿರುವುದು ಎಳ್ಳಿನಷ್ಟು. ಯಂತ್ರದಿಂದ ಒಮ್ಮೆ ಬಿಚ್ಚಿದ ಬಿಲ್ಲೆ ಮತ್ತೆ ಅದೇ ಓರೆಗೆ ಕೂರುವುದಿಲ್ಲ. ಎಂದಿನಂತೆ ಹೆರೆದು ಸಮ ಮಾಡಹೋದರೆ ಇದ್ದ ಚೂರೂ ಹೋಗುತ್ತದೆ. ಅಣವೀರಪ್ಪ ಹಾಗೆ ಹೆರೆಯುವುದಿಲ್ಲ. ಬಿಲ್ಲೆಯ ಓರೆ ಹೊಂದಿಸುವ ತಿರುಪನ್ನು ಕಣ್ಣಳತೆಯಲ್ಲೇ ತಿರುಗಿಸುತ್ತಾರೆ, ಅರ್ಧ ಗಂಟೆ. ತಣ್ಣಗಿನ ಮೇಣ ಬಿರಿಯದಂತೆ ಅದರ ಮೇಲೆ ಒಮ್ಮೆ ಬಾಯಿಂದ ಬಿಸಿಯುಸಿರು ಬಿಡುತ್ತಾರೆ. ಚಕ್ರ ತಿರುಗುತ್ತದೆ. ಒಂದು. ಎರಡು. ಮೂರು. ಇನ್ನೂ ಒಂದು.

ಮರುದಿನ ಬಣ್ಣ ಕಟ್ಟಿದ ಸ್ಲೈಡುಗಳನ್ನು ನಮಿತಾ ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಮಿದುಳಿನ ಗಡ್ಡೆ, ಕುತ್ತಿಗೆಯ ಗಂಟು, ಎರಡರಲ್ಲೂ ಅದೇ ಜೀವಕೋಶ; ಹಳೆಯ ಕಾಯಿಲೆಯೇ ಇಳಿದು ಬಂದಿದೆ. ಶಿಕ್ಷಕಿಯ ಚಿಕಿತ್ಸೆಯ ದಾರಿ ಈಗ ಸ್ಪಷ್ಟ. ಅಣವೀರಪ್ಪ ಮೈಕ್ರೋಸ್ಕೋಪಿನಿಂದ ಕಣ್ಣು ಕೀಳುವುದಿಲ್ಲ. "ಇಷ್ಟು ದೂರ ಬಂದ್ರೂ ಮುಖಾ ಬದಲ್ ಮಾಡಿಲ್ಲ ನೋಡ್ರಿ ಮ್ಯಾಡಂ!"

"ಮೂರು ಕೇಳಿದ್ರೆ ನಾಲ್ಕು ಕೊಟ್ರಲ್ಲ," ನಮಿತಾ ನಗುತ್ತಾರೆ.

ಅಣವೀರಪ್ಪ ನಗುವುದಿಲ್ಲ. "ಒಂಬತ್ತು ವರ್ಷದ ಹಿಂದ ಇಂಥಾದೇ ಒಂದು ಬಿಲ್ಲಿ ಬಂದಿತ್ರಿ. ಅವಸರದಾಗ ಹೆರದ್ಬಿಟ್ಟೆ, ಚೂರು ಮೇಣದ ಸಿಪ್ಪಿ ಕೂಡ ಕಸಕ್ಕ ಹೋತು, ಪರೀಕ್ಷಾನೇ ಆಗ್ಲಿಲ್ಲ. ಯಾರ್ದಂತ ಹೆಸರೂ ಗೊತ್ತಿಲ್ಲ, ನಂಬರ್ ಅಷ್ಟೇ. ಅವ್ರಿಗಿ ಒಂದು ಉತ್ತರ ಕೊಡೂದು ನನ್ನ ಮ್ಯಾಲ ಹಂಗೇ ಉಳದದ."