ಹಂಗೇರಿ ಎಂಬ ಬೈಗುಳ

ಹಂಗೇರಿ ಒಂದು ದೇಶ ಅಂತ ತಿಳಿಯುವ ಮೊದಲೇ ನನಗದು ಬೈಗುಳವಾಗಿ ಗೊತ್ತಿತ್ತು. ಕಲ್ಯಾಣದುರ್ಗದಲ್ಲಿ ನಮ್ಮ ಬೀದಿಯ ಟೈಲರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಆ ಹೆಸರಿಟ್ಟವರು ನಮ್ಮಪ್ಪ.

ಅಪ್ಪ ನಮ್ಮೂರ ಪಾರ್ಟಿಯ ಮುಖಂಡರು. ಭಾನುವಾರ ನಮ್ಮ ಪಡಸಾಲೆಯಲ್ಲಿ ಕಾಮ್ರೇಡುಗಳಿಗೆ ಪಾಠ ಹೇಳುತ್ತಿದ್ದರು. ಪಾರ್ಟಿಯ ಕೆಂಬಾವುಟಗಳನ್ನೆಲ್ಲ ಪುಕ್ಕಟೆ ಹೊಲಿದುಕೊಡುತ್ತಿದ್ದ ಟೈಲರು, ಒಂದು ಭಾನುವಾರ ಎದ್ದು ನಿಂತ. ರೇಡಿಯೋದಲ್ಲಿ ಏನೋ ಕೇಳಿದ್ದನಂತೆ.

"ಅಣ್ಣಾ, ಹಂಗೇರೀಲಿ ಜನ ಬಾವುಟದ ಮಧ್ಯ ಇರೋ ಗುರ್ತು ಕತ್ತರ್ಸಿ, ತೂತು ಬಿದ್ದಿದ್ದನ್ನೇ ಹಿಡ್ಕೊಂಡು ಹೋದ್ರಂತೆ. ಅದ್ಯಾಕಣ್ಣ?"

ಹೊಲಿಯುವವನಿಗೆ ಬಟ್ಟೆಯ ಸಂಕಟ, ಅಷ್ಟೇ. ಸಿಟ್ಟು ಬಂದರೆ ಅಪ್ಪನ ಬಾಯಲ್ಲಿ ತೆಲುಗೇ. "ಬಯಟಿಕಿ ಪೋ," ಅಂದು ಬಾಗಿಲು ತೋರಿಸಿದರು. ಮರುದಿನದಿಂದ ಕಾಮ್ರೇಡುಗಳ ಮನೆಯ ಒಂದು ರವಿಕೆಯೂ ಅವನ ಅಂಗಡಿಗೆ ಹೋಗಲಿಲ್ಲ. ಎದುರಿಗೆ ಸಿಕ್ಕರೆ, "ಬಂತು ನೋಡು ಹಂಗೇರಿ" ಅಂತ ನಗುತ್ತಿದ್ದರು.

ನಿಜ ಸಂಗತಿ ನನಗೆ ತಿಳಿದದ್ದು ಹಿಂದೂಪುರದ ಕಾಲೇಜಿನಲ್ಲಿ. ಹಂಗೇರಿಯ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ವಿದ್ಯಾರ್ಥಿಗಳು, ಕಾರ್ಖಾನೆ ಕೆಲಸಗಾರರು ಬೀದಿಗಿಳಿದದ್ದು, ಅವರ ಮೇಲೆ ರಷ್ಯಾದ ಟ್ಯಾಂಕುಗಳು ಬಂದದ್ದು, ಎಲ್ಲವನ್ನೂ ಮೇಷ್ಟ್ರು ಮಂಡಿಯ ಹುಣಸೆಹಣ್ಣಿನ ಧಾರಣೆ ಹೇಳುವಷ್ಟು ತಣ್ಣಗೆ ಹೇಳಿದರು. ಆ ಸರ್ಕಾರದ ಗುರುತು ಕತ್ತರಿಸಿದ ಬಾವುಟದ ತೂತೂ ನಿಜವೇ. ರಜಕ್ಕೆ ಊರಿಗೆ ಹೋದವಳೇ, ಇದೆಲ್ಲ ನಿಮಗೆ ಗೊತ್ತಿರಲಿಲ್ಲವಾ ಅಂತ ಅಪ್ಪನನ್ನು ಕೇಳಿದೆ.

"ನಂಗೊತ್ತು ಕಣಮ್ಮ," ಅಂದರು, ಕನ್ನಡಿ ನೋಡಿಕೊಂಡು ಗಡ್ಡ ಹೆರೆಯುತ್ತಾ. "ಗೊತ್ತಿದ್ದುದ್ಕೇ ಆ ಟೈಲರನ್ನ ಆಚೆ ಕಳಿಸ್ದೆ."

ಅದೇ ರಜದಲ್ಲಿ ಟೈಲರು ತೀರಿಕೊಂಡ. ಪಾರ್ಟಿಯವರು ಸತ್ತರೆ ಹೆಣದ ಮೇಲೆ ಕೆಂಬಾವುಟ ಹೊದಿಸುವುದು ಪದ್ಧತಿ. ಸಾಯುವಾಗ ಅವನು ಕೇಳಿದ್ದು ಅದೊಂದನ್ನೇ ಅಂತೆ. ಅವನ ಹೆಂಡತಿ ಬಂದು ನಮ್ಮ ಜಗಲಿಯ ಕೆಳಗೆ ನಿಂತಳು. ಅಪ್ಪ ಆಗಲ್ಲ ಅಂದರು.

"ಮಧ್ಯ ತೂತು ಮಾಡಿಯಾದ್ರೂ ಒಂದು ಕೊಟ್ಬುಡಣ್ಣ. ಹೊಲ್ದೋನು ಅವನೇ ಅಲ್ವಾ."

ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೆಣ ಬಿಳಿ ಪಂಚೆಯಲ್ಲಿ ಹೋಯಿತು. ಅವತ್ತಿನಿಂದ ನಾನು ಅಪ್ಪನ ಎದುರು ಕೂತು ಉಣ್ಣಲಿಲ್ಲ.

ಕೆಲವು ವರ್ಷಗಳ ಮೇಲೆ ಅಪ್ಪನೂ ಸತ್ತರು. ಕಾಮ್ರೇಡುಗಳು ಪಾರ್ಟಿ ಆಫೀಸಿನ ಪೆಟ್ಟಿಗೆಯಿಂದ ಹಳೆಯ ಬಾವುಟ ತಂದು ಹೊದಿಸಿ, ಚಟ್ಟ ಕಟ್ಟಲು ಹೊರಗೆ ಹೋದರು. ಅದರ ಅಂಚು ನೋಡಿದೆ. ಆ ಒತ್ತೊತ್ತಾದ ಹೊಲಿಗೆ ಊರಲ್ಲಿ ಒಬ್ಬನದೇ. ಹೆಣ ನೋಡಲು ಬಂದಿದ್ದ ಟೈಲರನ ಹೆಂಡತಿಯೂ ಅದನ್ನು ಬೆರಳಲ್ಲಿ ಸವರಿದಳು. ಆಮೇಲೆ ಬಾವುಟದ ಮಧ್ಯದ ಗುರುತಿನ ಮೇಲೆ ಕೈ ಇಟ್ಟಳು.

"ಮನ್ಯಾಗೆ ಕತ್ರಿ ಇದ್ರೆ ಕೊಡಮ್ಮ," ಅಂದಳು.

ಒಳಗೆ ಹೋಗಿ ತಂದು ಕೊಟ್ಟೆ.